ಹಸಿರು ಬಸ್ಸಿಗೆ ನೂರಾ ಹನ್ನೆರಡು ಸಹಿ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನಮ್ಮನೆಯವರು ಟೀವಿ ಆಫ್ ಮಾಡಿ, ಚಾಪೆ ಹಾಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಯಾರೋ ತೀರಿಕೊಂಡ ಸುದ್ದಿ ಬಂದಿರಬೇಕು ಎಂದು ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದೆ. ವಿಚಾರಿಸಿದರೆ ಎಲ್ಲರೂ ಬದುಕಿಯೇ ಇದ್ದಾರೆ. ಯುರೋಪಿನ ಯಾವುದೋ ಊರಿನ ಕಾರ್ ರೇಸಿನಲ್ಲಿ ಇವರ ಮೆಚ್ಚಿನ ಡ್ರೈವರ್ ಮುಂದಿದ್ದನಂತೆ. ಅದೇ ಟೀಮಿನ ಇನ್ನೊಬ್ಬ ಅವನ ಹಿಂದಿದ್ದನಂತೆ. ಮ್ಯಾನೇಜರು ರೇಡಿಯೋದಲ್ಲಿ ಸುತ್ತಿ ಬಳಸಿ ಏನೋ ಹೇಳಿದರಂತೆ. ಮುಂದಿದ್ದವನು ಸ್ಪೀಡು ಇಳಿಸಿ ಹಿಂದಿನವನಿಗೆ ದಾರಿ ಬಿಟ್ಟುಕೊಟ್ಟನಂತೆ.

"ಅಷ್ಟೇಯಾ?" ಅಂದೆ. ಅದು ನಾನು ಮಾಡಿದ ಮೊದಲ ತಪ್ಪು.

"ಮುಂದ್ ಇದ್ದವ ಎಂತಕೆ ಬಿಡ್ಕ್?" ಎಂದರು ಗೋಡೆಗೆ. ಊಟಕ್ಕೂ ಏಳಲಿಲ್ಲ. ಬಂಗುಡೆ ಮೀನಿನ ಸಾರು ಆರಿ ತಣ್ಣಗಾಯಿತು. ನಾನೊಬ್ಬಳೇ ಊಟ ಮಾಡಿದೆ. (ತಲೆಯ ಭಾಗವೂ ನನಗೇ ಸಿಕ್ಕಿತು, ಹಾಗಾಗಿ ದೂರಿಲ್ಲ.)

ನಮ್ಮನೆಯವರ ಪರಿಚಯ ಹಳೆಯ ಓದುಗರಿಗೆ ಇದೆ. ಹೊಸಬರಿಗೆ ಹೇಳುವುದಾದರೆ, ಕುಂದಾಪುರದಲ್ಲಿ ಸಣ್ಣದೊಂದು ಬ್ಯಾಟರಿ ಅಂಗಡಿ, ಓಡಾಟಕ್ಕೊಂದು ಸ್ಕೂಟರು. ಅದರ ಮುಳ್ಳು ನಲವತ್ತು ದಾಟಿದ್ದನ್ನು ಮದುವೆಯಾದಂದಿನಿಂದ ನಾನು ಕಂಡಿಲ್ಲ. ಶಾಸ್ತ್ರಿ ಸರ್ಕಲ್ಲಿನಲ್ಲಿ ದನ ಅಡ್ಡ ಬಂದರೆ ಎಂಜಿನ್ ಆಫ್ ಮಾಡಿ, ಎರಡೂ ಕಾಲು ಊರಿ, ಅದು ತನ್ನ ಕೆಲಸ ಮುಗಿಸಿ ಹೋಗುವ ತನಕ ಕಾಯುವ ಮನುಷ್ಯ. ಇಂಥವರು ಭಾನುವಾರ ಬಂತೆಂದರೆ ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಿಸುವವರ ಪಕ್ಷ. ಹೇಗೆ ಅಂತ ನನ್ನನ್ನು ಕೇಳಬೇಡಿ.

ಮರುದಿನ ಬೆಳಿಗ್ಗೆ ಸ್ವಲ್ಪ ಸಮಾಧಾನವಾದ ಮೇಲೆ ಕೇಳಿದೆ. ಅಲ್ಲ ಮಾರಾಯ್ರೆ, ಈ ರೇಸು ಅಸಲಿಗೆ ಯಾರದ್ದು? ಡ್ರೈವರುಗಳದ್ದಾ? ಟೀಮಿನದ್ದಾ? ಆ ರೋಡು ಇರುವ ಊರಿನವರದ್ದಾ?

ಯಾರದ್ದೂ ಅಲ್ಲವಂತೆ. ರೇಸಿನ ವ್ಯಾಪಾರವೆಲ್ಲ ಒಂದು ಕಂಪನಿಯ ಕೈಯಲ್ಲಂತೆ. ಟೀವಿಯಲ್ಲಿ ತೋರಿಸುವ ಹಕ್ಕು ಅವರದ್ದು. ಟ್ರ್ಯಾಕಿನ ಬದಿಯ ಬೋರ್ಡು ಅವರದ್ದು. ಯಾವ ದೇಶದಲ್ಲಿ ಯಾವಾಗ ಓಡಬೇಕು ಎನ್ನುವುದೂ ಅವರದ್ದೇ ಲೆಕ್ಕ. ನಮ್ಮಲ್ಲಿ ಓಡಿ, ನಮ್ಮಲ್ಲಿ ಓಡಿ ಎಂದು ದೇಶದೇಶಗಳೇ ದುಡ್ಡು ಹಿಡಿದು ಕ್ಯೂ ನಿಲ್ಲುತ್ತವಂತೆ. ಇದರ ಮೇಲೆ ಲಂಚದ ಆರೋಪ ಬೇರೆ. ಇವರು ಅವರಿಗೆ ಕೊಟ್ಟರು ಎಂದು ಒಬ್ಬರು, ಕೊಟ್ಟದ್ದು ಹೌದು ಆದರೆ ಅದು ಲಂಚ ಅಲ್ಲ ಎಂದು ಇನ್ನೊಬ್ಬರು. (ಈ ವಾಕ್ಯವನ್ನು ನಮ್ಮ ಕಡೆ ಎಲ್ಲೋ ಕೇಳಿದ ಹಾಗಿದೆ ಅಲ್ಲವೇ?) ಆರೋಪ ಆರೋಪವೇ. ಸಾಬೀತಾಗುವ ತನಕ ನಾನು ಯಾರಿಗೂ ಏನೂ ಅನ್ನುವುದಿಲ್ಲ.

ಆದರೆ ಗಂಡನಿಗೆ ಅನ್ನಬಹುದಲ್ಲ? ಅಂದೆ. ಒಬ್ಬ ಯಜಮಾನ ಎರಡು ಕಾರು ಓಡಿಸುತ್ತಾನೆ, ಯಾವುದು ಮುಂದೆ ಹೋಗಬೇಕೆಂದು ಅವನೇ ಹೇಳುತ್ತಾನೆ, ನೀವು ಇಲ್ಲಿ ಕುಂದಾಪುರದಲ್ಲಿ ಕೂತು ಉಪವಾಸ ಮಾಡುತ್ತೀರಿ. ನಮ್ಮ ಕಂಬಳದ ಕೋಣಗಳಿಗೆ ಯಾರಾದರೂ ರೇಡಿಯೋದಲ್ಲಿ ಹೇಳಿ ನೋಡಲಿ, ಬಿಟ್ಟುಕೊಡುತ್ತವೆಯೇ? ಅದು ರೇಸು. ನಿಮ್ಮದು ನಾಟಕ.

ಇಷ್ಟು ಹೇಳಿ, ಟಿಫಿನ್ ಬಾಕ್ಸ್ ಬ್ಯಾಗಿಗೆ ಹಾಕಿಕೊಂಡು, ಗೆದ್ದವಳ ಹಾಗೆ ಬಸ್‌ಸ್ಟ್ಯಾಂಡಿಗೆ ಹೊರಟೆ.

ಈಗ ನನ್ನ ಬಸ್ಸಿನ ವಿಷಯ.

ನಾನು ಬೈಂದೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹನ್ನೆರಡು ವರ್ಷದಿಂದ ದಿನಾ ಕುಂದಾಪುರದಿಂದ ಹೋಗಿ ಬರುತ್ತೇನೆ. ಬೆಳಿಗ್ಗೆ ನಮಗೆ ಎರಡು ಎಕ್ಸ್‌ಪ್ರೆಸ್ ಬಸ್ಸುಗಳಿವೆ. ಹೆಸರು ಬರೆದರೆ ಗಲಾಟೆಯಾಗುತ್ತದೆ, ಹಸಿರು ಮತ್ತು ಹಳದಿ ಎನ್ನೋಣ. ಹಸಿರು ಎಂಟು ಐದಕ್ಕೆ ಹೊರಡುತ್ತದೆ, ಹಳದಿ ಎಂಟು ಹನ್ನೊಂದಕ್ಕೆ. ನಡುವೆ ಆರು ನಿಮಿಷ. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಡೀಸೆಲ್ ಇಲ್ಲದಿದ್ದರೂ ನಡೆದೀತು, 'ಟೈಮ್' ಇಲ್ಲದೆ ನಡೆಯದು. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಒಬ್ಬ ವಾಚು ಹಿಡಿದು ನಿಂತಿರುತ್ತಾನೆ. ಮುಂದಿನ ಬಸ್ಸು ಎರಡು ನಿಮಿಷ ಎಳೆದರೆ ಹಿಂದಿನವನ ಟೈಮನ್ನೂ ಅವನಿಗೆ ಸಿಗಬೇಕಾದ ಜನರನ್ನೂ ತಿಂದ ಹಾಗೆ. ಆಮೇಲೆ ಹಾರ್ನು, ಆಮೇಲೆ ಬೈಗುಳ, ಆಮೇಲೆ ಹೆಮ್ಮಾಡಿಯಿಂದ ಮುಂದಕ್ಕೆ ರೇಸು.

ನಾನು ಹಸಿರಿನವಳು. ಯಾಕೆ ಎಂದರೆ ಮೊದಲ ದಿನ ಹತ್ತಿದ್ದು ಅದಕ್ಕೆ. ಶಿಕ್ಷಕರು, ಬ್ಯಾಂಕಿನವರು ಹೆಚ್ಚಾಗಿ ಹಸಿರು. ಆಫೀಸಿನವರು, ಆಸ್ಪತ್ರೆಯ ಸಿಸ್ಟರುಗಳು ಹೆಚ್ಚಾಗಿ ಹಳದಿ. ಹಸಿರು ತಪ್ಪಿಹೋದ ದಿನ ನಾನು ಹಳದಿ ಹತ್ತುವುದಿಲ್ಲ, ಅದರ ಹಿಂದಿನ ಲೋಕಲ್ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಹೆಡ್‌ಮಾಸ್ಟರರಿಂದ ಬೈಸಿಕೊಳ್ಳುತ್ತೇನೆ. ಉಪ್ಪುಂದದ ಕಡೆ ಒಂದು ಹೆಣ್ಣು ನೋಡುವ ಮಾತುಕತೆ ಹುಡುಗ ಹಳದಿಯವನು ಎಂಬ ಕಾರಣಕ್ಕೆ ನಿಂತುಹೋಯಿತೆಂದು ಸುದ್ದಿ. (ನಾನು ನಂಬಿಲ್ಲ. ಅಲ್ಲಗಳೆದೂ ಇಲ್ಲ.)

ಮರವಂತೆಯಲ್ಲಿ ಹೊರಗಿನವರು ಕಾರು ನಿಲ್ಲಿಸಿ ಒಂದು ಬದಿ ಸಮುದ್ರ, ಒಂದು ಬದಿ ಹೊಳೆ ಎಂದು ಫೋಟೋ ಹೊಡೆಯುತ್ತಾರೆ. ನಾವು ಹಸಿರಿನವರು ಅಲ್ಲಿ ನೋಡುವುದು ಹಿಂದಿನ ಗಾಜನ್ನು, ಹಳದಿ ಎಷ್ಟು ದೂರ ಇದೆ ಎಂದು. ನಮ್ಮ ಡ್ರೈವರ್ ಚಂದ್ರಣ್ಣ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬಸ್ಸು ಸ್ಟಾರ್ಟ್ ಮಾಡುವ ಮೊದಲು ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತಾನೆ. ಒಂದು ದಿನ ನಾವುಂದದ ಹತ್ತಿರ ಹಳದಿಯನ್ನು ಹಿಂದೆ ಹಾಕಿದಾಗ ನಾನು ಚಪ್ಪಾಳೆ ತಟ್ಟಿದ್ದೂ ಉಂಟು. ನಲವತ್ತಾರು ವರ್ಷದ ಹೆಂಗಸು, ಮಡಿಲಲ್ಲಿ ಉತ್ತರಪತ್ರಿಕೆಯ ಕಟ್ಟು.

ಗಂಡನ ಉಪವಾಸಕ್ಕೆ ನಕ್ಕವಳು ಇವಳೇ.

ಆ ಭಾನುವಾರಕ್ಕೆ ಎರಡು ವಾರ ಮೊದಲು ಚಂದ್ರಣ್ಣ ನಮ್ಮ ಸೀಟಿನ ಹತ್ತಿರ ಬಂದು ಒಂದು ಸಂಗತಿ ಹೇಳಿದ್ದ. ಎಂಟು ಗಂಟೆಯ ಹೊತ್ತಿಗೆ ಇನ್ನೊಂದು ಹೊಸ ಬಸ್ಸಿಗೆ ಯಾರೋ ಅರ್ಜಿ ಹಾಕಿದ್ದಾರಂತೆ. ಅದು ಬಂದರೆ ಹಸಿರಿನ ಟೈಮ್ ಹೋಗುತ್ತದೆ, ತನ್ನನ್ನು ಬೇರೆ ಯಾವುದೋ ರೂಟಿಗೆ ಹಾಕುತ್ತಾರೆ ಎಂದ. ಪ್ರಯಾಣಿಕರು ಒಂದು ಆಕ್ಷೇಪಣೆ ಬರೆದುಕೊಟ್ಟರೆ ಒಳ್ಳೆಯದು ಎಂದು ಧಣಿಗಳು ಹೇಳಿದ್ದಾರೆ ಅಂತಲೂ ಸೇರಿಸಿದ.

ಬರೆಯುವವರು ಯಾರು? ಪೇಪರಿನಲ್ಲಿ ಬರೆಯುವ ಟೀಚರ್ ಇರುವಾಗ ಬೇರೆ ಯಾರು?

ಬರೆದೆ. ಎಷ್ಟು ಚೆನ್ನಾಗಿ ಬರೆದೆ ಎಂದರೆ ಎರಡು ಸಲ ಓದಿ ನಾನೇ ಮೆಚ್ಚಿಕೊಂಡೆ. ಸದರಿ ಮಾರ್ಗದಲ್ಲಿ ಎರಡು ಪ್ರತ್ಯೇಕ ಸಂಸ್ಥೆಗಳ ನಡುವೆ ಆರೋಗ್ಯಕರ ಪೈಪೋಟಿ ಇರುವುದರಿಂದ ಪ್ರಯಾಣಿಕರಿಗೆ ಉತ್ತಮ ಸೇವೆ ದೊರೆಯುತ್ತಿದ್ದು, ಮೂರನೆಯ ಬಸ್ಸಿನ ಅಗತ್ಯ ಕಂಡುಬರುವುದಿಲ್ಲ. ಹೀಗೆ. ಐದೇ ದಿನದಲ್ಲಿ ನೂರಾ ಹನ್ನೊಂದು ಸಹಿ. ಹಳದಿಯವರೂ ಅವರದ್ದೇ ಒಂದು ಆಕ್ಷೇಪಣೆ ತಯಾರು ಮಾಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ನಮ್ಮ ಉತ್ಸಾಹ ಇನ್ನೂ ಹೆಚ್ಚಿತು.

ನೂರಾ ಹನ್ನೆರಡನೆಯದು ಗಿರಿಜಳದ್ದು.

ಗಿರಿಜ ಗಂಗೊಳ್ಳಿಯವಳು. ಅವಳ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು, ಹಾಗೆ ಪರಿಚಯ. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ರಿಕ್ಷಾದಲ್ಲಿ ಹೆದ್ದಾರಿಯ ಮುಳ್ಳಿಕಟ್ಟೆಗೆ ಬಂದು, ಅಲ್ಲಿಂದ ನಾವುಂದ, ಕಿರಿಮಂಜೇಶ್ವರದ ಮನೆಗಳಿಗೆ ಮಾರಲು ಹೋಗಬೇಕು. ಹಸಿರೂ ಹಳದಿಯೂ ಅವಳ ಬುಟ್ಟಿ ಕಂಡರೆ ನಿಲ್ಲಿಸುವುದಿಲ್ಲ. ವಾಸನೆ ಎನ್ನುತ್ತಾರೆ. (ಮೀನು ತಿನ್ನದೆ ದಿನ ಕಳೆಯದ ಊರಿನಲ್ಲಿ!) ಅವಳು ಇನ್ನೂ ನಾಲ್ಕು ಹೆಂಗಸರ ಜೊತೆ ಮತ್ತೊಂದು ರಿಕ್ಷಾ ತುಂಬುವ ತನಕ ಕಾಯುತ್ತಾಳೆ. ಅಷ್ಟರಲ್ಲಿ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡ ಹುಡುಗರು ಹಾರ್ನು ಹೊಡೆಯುತ್ತಾ ಅವಳ ಮನೆಗಳನ್ನೆಲ್ಲ ಮುಗಿಸಿರುತ್ತಾರೆ. ಅವಳ ಅಮ್ಮನ ಕಾಲದಿಂದ ಮೀನು ತೆಗೆದುಕೊಳ್ಳುತ್ತಿದ್ದ ಮನೆಗಳು. ವರ್ಷಕ್ಕೆ ನಾಲ್ಕಾರು ಕಡಿಮೆಯಾಗುತ್ತಾ ಬಂದಿವೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಹೀಗೇ ಆದರೆ ಬುಟ್ಟಿ ಮಗುಚಿ ಮನೆಯಲ್ಲಿಡುವುದೇ ಸೈ ಅಂದಿದ್ದಳು. ನಾನು ಅಯ್ಯೋ ಎಂದಿದ್ದೆ. ಅಯ್ಯೋ ಎನ್ನುವುದಕ್ಕೆ ಖರ್ಚಿಲ್ಲ ನೋಡಿ.

ಸಹಿ ಸಂಗ್ರಹದ ಕೊನೆಯ ದಿನ ಮುಳ್ಳಿಕಟ್ಟೆಯಲ್ಲಿ ಅವಳು ನಿಂತದ್ದು ಕಂಡು ನಾನು ಬಸ್ಸು ನಿಲ್ಲಿಸಲು ಹೇಳಿ, ಕಿಟಕಿಯಿಂದಲೇ ಕಾಗದ ಚಾಚಿ ಒಂದು ಸಹಿ ಹಾಕು ಎಂದೆ. ಏನು, ಎತ್ತ ಎಂದು ಕೇಳಲಿಲ್ಲ.

"ನೀವ್ ಬರ್ದದ್ದ್ ಅಲ್ದಾ ಟೀಚ್ರೆ. ಎಲ್ಲಿ ಹಾಕ್ಕ್ ಹೇಳಿ" ಎಂದಳು.

ಸಾಕ್ಷರತಾ ಕ್ಲಾಸಿನಲ್ಲಿ ಕಲಿತ ಸಹಿ. ಕೈ ಸೀರೆಗೆ ಒರೆಸಿಕೊಂಡು, ಬಸ್ಸಿನ ತಗಡಿಗೆ ಕಾಗದ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಬರೆದಳು. ಚಂದ್ರಣ್ಣ ಎಂಜಿನ್ ಆಫ್ ಮಾಡಿ ಕಾದ. ಅವಳ ಬುಟ್ಟಿಗೆ ಒಂದು ದಿನವೂ ನಿಲ್ಲದ ಬಸ್ಸು ಅವಳ ಸಹಿಗೆ ಮೂರು ನಿಮಿಷ ನಿಂತಿತು. ನನಗೆ ಅದು ಆಗ ಹೊಳೆಯಲೇ ಇಲ್ಲ. ಹಳದಿ ಎಲ್ಲಿಗೆ ಬಂತೋ ಎಂದು ಹಿಂದೆ ನೋಡುತ್ತಿದ್ದೆ.

ಗಂಡನಿಗೆ ಉಪದೇಶ ಮಾಡಿದ ವಾರದಲ್ಲೇ, ಬುಧವಾರ, ಸಾರಿಗೆ ಕಚೇರಿಯಲ್ಲಿ ವಿಚಾರಣೆ. ಪ್ರಯಾಣಿಕರ ಪ್ರತಿನಿಧಿಯಾಗಿ ನಾನೇ ಹೋದೆ. ಒಂದು ಸಿ.ಎಲ್. ರಜೆ ಖರ್ಚು ಮಾಡಿ, ಒಳ್ಳೆಯ ಸೀರೆ ಉಟ್ಟು.

ಮೊದಲು ಹಸಿರಿನ ಕಡೆಯವರನ್ನು ಕರೆದರು. ಬಿಳಿ ಅಂಗಿಯ, ನಗುಮುಖದ ಒಬ್ಬರು ಫೈಲು ಹಿಡಿದು ಎದ್ದರು. ಮಾತಾಡಿದರು, ಕೂತರು. ಆಮೇಲೆ ಹಳದಿಯವರನ್ನು ಕರೆದರು. ಅವರೇ ಮತ್ತೆ ಎದ್ದರು. ಕೈಯಲ್ಲಿ ಇನ್ನೊಂದು ಫೈಲು.

ಪಕ್ಕದಲ್ಲಿ ಕೂತ ಗುಮಾಸ್ತರನ್ನು ಕೇಳಿದೆ, ಇವರೇನು ವಕೀಲರಾ? ಅಲ್ಲ, ಮಾಲಕರು ಎಂದರು. ಯಾವುದರ? ಗುಮಾಸ್ತರು ನನ್ನನ್ನು ಕನಿಕರದಿಂದ ನೋಡಿದರು. ಹಸಿರು ಹೆಂಡತಿಯ ಹೆಸರಿನಲ್ಲಿ, ಹಳದಿ ಭಾವನ ಹೆಸರಿನಲ್ಲಿ. ಆರು ವರ್ಷವಾಯಿತಂತೆ.

ಆರು ವರ್ಷ. ಲೆಕ್ಕ ಹಾಕಿದೆ. ನಾನು ಚಪ್ಪಾಳೆ ತಟ್ಟಿದ್ದು ಹೋದ ವರ್ಷ.

ಅಧಿಕಾರಿ ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. 'ಆರೋಗ್ಯಕರ ಪೈಪೋಟಿ' ಬಂದಾಗ ಬಿಳಿ ಅಂಗಿಯವರು ನನ್ನ ಕಡೆ ತಿರುಗಿ ಕೈ ಮುಗಿದರು. ಪಾಪ, ಮನಸ್ಸಿಟ್ಟೇ ಮುಗಿದರು. ಎರಡು ಬಸ್ಸು ಒಬ್ಬರದ್ದೇ ಇರುವುದು ತಪ್ಪಲ್ಲ. ಅವರು ಎಲ್ಲಿಯೂ ಸುಳ್ಳು ಹೇಳಿರಲಿಲ್ಲ. ಪ್ರತ್ಯೇಕ ಸಂಸ್ಥೆ ಎಂದು ಬರೆದದ್ದು ನಾನು.

ಆಮೇಲೆ ಆ ಮೂರನೆಯ ಬಸ್ಸಿನ ಅರ್ಜಿ ಓದಿದರು. ಬ್ರಹ್ಮಾವರದ ಯಾರೋ ಹಾಕಿದ್ದು. ಗಂಗೊಳ್ಳಿಯಿಂದಲೇ ಹೊರಟು, ಮುಳ್ಳಿಕಟ್ಟೆಯ ಮೂಲಕ ಬೈಂದೂರಿಗೆ. ಎಲ್ಲ ಸ್ಟಾಪಿನಲ್ಲೂ ನಿಲುಗಡೆ. ಹಿಂದಿನ ಎರಡು ಸಾಲು ಸೀಟು ತೆಗೆದು ಮೀನಿನ ಬುಟ್ಟಿ ಇಡಲು ಜಾಗ. ಜೊತೆಗೆ, ನಮಗೆ ಈ ಬಸ್ಸು ಬೇಕು ಎಂದು ಮೀನು ಮಾರುವ ಹೆಂಗಸರ ಮನವಿ. ಮೂವತ್ತೆಂಟು ಹೆಬ್ಬೆಟ್ಟು, ಒಂದು ಸಹಿ.

ಅಧಿಕಾರಿ ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ಕನ್ನಡಕ ಸರಿ ಮಾಡಿಕೊಂಡರು. ಗಿರಿಜ ಎಂಬ ಈ ಮಹಿಳೆ ಬಸ್ಸು ಬೇಕು ಎಂದೂ ಸಹಿ ಹಾಕಿದ್ದಾರೆ, ಬೇಡ ಎಂದೂ ಸಹಿ ಹಾಕಿದ್ದಾರೆ, ಯಾವುದನ್ನು ನಂಬುವುದು ಮೇಡಮ್ ಎಂದು ನನ್ನನ್ನೇ ಕೇಳಿದರು.

ನಾನು ಏನು ಹೇಳಲಿ? ಬೇಕು ಎಂದದ್ದು ಅವಳು, ಬೇಡ ಎಂದದ್ದು ನಾನು ಎಂದು ಹೇಳಬೇಕಿತ್ತು. ಸೀರೆಯ ಸೆರಗು ಸರಿ ಮಾಡಿಕೊಂಡೆ. ನಾಚಿಕೆಯಾಯಿತು, ಅಷ್ಟೇ ಸತ್ಯ. ಮೂರು ವಾರದ ಮೇಲೆ ಮತ್ತೆ ವಿಚಾರಣೆ, ಪ್ರಯಾಣಿಕರು ಬದಲಾವಣೆ ಏನಾದರೂ ಇದ್ದರೆ ಅಷ್ಟರೊಳಗೆ ಬರೆದುಕೊಡಬಹುದು ಎಂದು ಮುಂದಕ್ಕೆ ಹಾಕಿದರು.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಒಪ್ಪಿಸಿದೆ. ನಗುತ್ತಾರೆ, ನಗಲಿ ಎಂದುಕೊಂಡಿದ್ದೆ. ನಗಲಿಲ್ಲ. ತೀರ್ಪು ಕೊಡುವವರ ಹಾಗೆ ಒಂದೇ ಮಾತು ಹೇಳಿದರು.

"ನಮ್ ರೇಸಂಗೆ ಒಬ್ಬನೇ ಯಜಮಾನ ಆರೆ ಎರ್ಡ್ ಕಾರಿಗೂ ಒಂದೇ ಬಣ್ಣ ಇರತ್ತ್, ಕಾಣ್."

ಹೌದಲ್ಲ? ಆ ದೊಡ್ಡ ರೇಸಿನಲ್ಲಿ ಏನೇ ಆರೋಪ ಇರಲಿ, ಯಾವ ಕಾರು ಯಾವ ಟೀಮಿನದ್ದು ಎಂದು ಟೀವಿ ನೋಡುವ ಮಗುವಿಗೂ ಗೊತ್ತು. ನಮಗೆ ಆರು ವರ್ಷ ಅದೇ ಬಸ್ಸಿನಲ್ಲಿ ಕೂತರೂ ಗೊತ್ತಾಗಲಿಲ್ಲ. ಅಲ್ಲಿ ಲಕ್ಷ ಕೋಟಿಯ ವ್ಯವಹಾರ, ನಮ್ಮದು ಇಪ್ಪತ್ತೆರಡು ಮೈಲಿಯ ವ್ಯವಹಾರ. ಉಪಾಯ ಮಾತ್ರ ಒಂದೇ. ಜನರಿಗೆ ಪಕ್ಷ ಕಟ್ಟಿಕೊಳ್ಳಲು ಎರಡು ಬಣ್ಣ ಕೊಟ್ಟರಾಯಿತು, ಮೂರನೆಯದನ್ನು ಅವರೇ ಒಳಗೆ ಬಿಡುವುದಿಲ್ಲ.

ಮರುದಿನ ಚಂದ್ರಣ್ಣನನ್ನು ಕೇಳಿದೆ. ನಿನಗೆ ಗೊತ್ತಿತ್ತಾ? ಗೊತ್ತಿತ್ತಂತೆ. ಕೆಲವು ದಿನ ಧಣಿಗಳ ಫೋನೂ ಬರುತ್ತದಂತೆ, ಇವತ್ತು ತ್ರಾಸಿಯಲ್ಲಿ ಮದುವೆ ಇದೆ, ಜನ ಹತ್ತಿಸಿಕೊಳ್ಳಲು ಹಳದಿಯನ್ನು ಮುಂದೆ ಬಿಡು ಎಂದು. ಮತ್ತೆ ಯಾಕೆ ಜೀವ ಬಿಟ್ಟು ಓಡಿಸುತ್ತೀಯ ಮಾರಾಯ ಅಂದೆ. ಅವನು ಬಾಚಣಿಗೆ ಕಿಸೆಗೆ ಹಾಕಿಕೊಂಡ.

"ಸ್ಟೇರಿಂಗ್ ಹಿಡ್ದ್ ಮೇಲೆ ಅದೆಲ್ಲ ನೆನ್ಪಿರುದಿಲ್ಲೆ ಟೀಚ್ರೆ" ಎಂದ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಹೊಸ ಬಸ್ಸು ಬಂದರೆ ತನ್ನ ರೂಟು ಹೋಗುತ್ತದೆ ಎಂಬ ಅವನ ಹೆದರಿಕೆ ನಿಜದ್ದೇ. ಯುರೋಪಿನಲ್ಲಿ ದಾರಿ ಬಿಟ್ಟುಕೊಟ್ಟ ಆ ಡ್ರೈವರೂ ಒಳಗೊಳಗೆ ಹೀಗೇ ಇರಬಹುದು ಎಂದು ಆವತ್ತು ಮೊದಲ ಸಲ ಅನ್ನಿಸಿತು.

ಇನ್ನು ತಪ್ಪು ತಿದ್ದಿಕೊಳ್ಳುವ ಕೆಲಸ. ಹೊಸ ಕಾಗದ ಬರೆದೆ. ಹಿಂದಿನ ಆಕ್ಷೇಪಣೆ ತಪ್ಪು ತಿಳಿವಳಿಕೆಯಿಂದ ಆದದ್ದು, ಹಿಂದಕ್ಕೆ ಪಡೆಯುತ್ತೇವೆ, ಎಲ್ಲ ಕಡೆ ನಿಲ್ಲುವ, ಬುಟ್ಟಿಗೆ ಜಾಗವಿರುವ ಬಸ್ಸು ಬರಲಿ. ಈ ಸಲ ಸರಳ ಕನ್ನಡ. ಅದೇ ಹಸಿರು ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ಹೋದೆ. ಎರಡೂ ಒಬ್ಬರದ್ದೇ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ.

ಹೌದಾ ಎಂದರು. ಛೇ ಎಂದರು. ಒಬ್ಬರಂತೂ ದೇಶದ ರಾಜಕೀಯದ ತನಕ ಹೋಗಿ ಬಂದರು. ಸಹಿ? ನಾಳೆ ನೋಡುವ ಎಂದರು. ಅಷ್ಟರಲ್ಲಿ ಯಾರೋ ಹಳದಿ ಬಂತು ಎಂದು ಕೂಗಿದರು. ಇಡೀ ಬಸ್ಸು ಹಿಂದಕ್ಕೆ ತಿರುಗಿತು. (ನಾನೂ ತಿರುಗಿದೆ. ಸುಳ್ಳು ಯಾಕೆ ಹೇಳಲಿ?) ನಾಲ್ಕು ದಿನದಲ್ಲಿ ಸಿಕ್ಕಿದ್ದು ಒಂಬತ್ತು ಸಹಿ, ಅದರಲ್ಲಿ ಒಂದು ನಮ್ಮನೆಯವರದ್ದು. ಅವರು ಆ ಬಸ್ಸು ಹತ್ತಿದವರೇ ಅಲ್ಲ.

ಮುಖ್ಯವಾಗಿ ಬೇಕಾದದ್ದು ಗಿರಿಜಳ ಸಹಿ. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬರುವಾಗ ಮುಳ್ಳಿಕಟ್ಟೆಯಲ್ಲಿ ಇಳಿದೆ. ಬುಟ್ಟಿ ಖಾಲಿ ಮಾಡಿಕೊಂಡು ಗಂಗೊಳ್ಳಿಯ ರಿಕ್ಷಾಕ್ಕೆ ಕಾಯುತ್ತಾ ಅಂಗಡಿಯ ಜಗಲಿಯಲ್ಲಿ ಕೂತಿದ್ದಳು. ಪೂರ್ತಿ ಖಾಲಿ ಆಗಿರಲಿಲ್ಲ, ಅಡಿಯಲ್ಲಿ ಎಲೆ ಮುಚ್ಚಿ ಇನ್ನೂ ಮೀನಿತ್ತು. ಆದದ್ದನ್ನೆಲ್ಲ ಹೇಳಿದೆ. ನಿನ್ನ ಬಸ್ಸನ್ನು ನಿನ್ನ ಕೈಯಿಂದಲೇ ಬೇಡ ಅನ್ನಿಸಿದ್ದು ನಾನು, ತಪ್ಪಾಯಿತು ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಬುಟ್ಟಿಯ ಎಲೆ ಸರಿ ಮಾಡಿ ಮುಚ್ಚಿದಳು.

ನಾನು ಹೊಸ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಸಹಿ ಹಾಕುವ ಜಾಗ ತೋರಿಸಿದೆ. ಅವಳು ಪೆನ್ನು ಮುಟ್ಟಲಿಲ್ಲ. ಓದಿ ಹೇಳಿ ಎಂದಳು. ಓದಿದೆ. ಇನ್ನೊಮ್ಮೆ ಎಂದಳು. ಜಗಲಿಯಲ್ಲಿದ್ದ ಮತ್ತಿಬ್ಬರು ಹೆಂಗಸರೂ ಹತ್ತಿರ ಸರಿದು ಕೂತರು. ಇನ್ನೊಮ್ಮೆ ಓದಿದೆ. ಬುಟ್ಟಿಗೆ ಜಾಗ ಎಂಬಲ್ಲಿ ತಲೆ ಆಡಿಸಿದಳು. ಎಲ್ಲ ಸ್ಟಾಪು ಎಂಬಲ್ಲೂ ಆಡಿಸಿದಳು. ಸರಿ, ಇನ್ನು ಹಾಕುತ್ತಾಳೆ ಎಂದು ಪೆನ್ನು ಮುಂದೆ ಹಿಡಿದೆ.

"ಎಲ್ಲ ಸರಿಯೇ ಟೀಚ್ರೆ" ಎಂದಳು ಗಿರಿಜ. "ಬಸ್ಸಿಗೆ ಅರ್ಜಿ ಹಾಕ್ದ ಆ ಬ್ರಹ್ಮಾವರ್ದವ್ರ್ ಯಾರ್ ಅಂದ್ ಕೇಂಡ್ಕಂಡ್ ಬಂದ್ರ್ಯಾ?"

ಕೇಳಿರಲಿಲ್ಲ. ನೀವಾದರೂ ಕೇಳುತ್ತಿದ್ದಿರಾ?